ಫೋರ್ ಬೈ ಫೋರ್ ಗಾಡಿಗೆ ಎರಡೇ ಟೈರು: ಯಾವಾಗ ನಡೀತದ, ಯಾವಾಗ ಇಲ್ಲ

ಶಹಾಬಾದ ಕಡೆಯ ಫರಸಿ ಖಣಿಗಳಿಗೆ ಓಡಾಡುವ ಗಾಡಿಯ ಟೈರು ಸವೆದು ಹೋಗುವುದಕ್ಕಿಂತ ಸೀಳಿ ಹೋಗುವುದೇ ಹೆಚ್ಚು. ಒಡೆದ ಫರಸಿಯ ಅಂಚು ಟೈರಿನ ಪಕ್ಕೆಗೆ ಕುಡಗೋಲಿನಂತೆ ತಾಗುತ್ತದೆ. ಕೊಯ್ದ ತೊಗರಿ ಹೊಲದಲ್ಲಿ ಚೂಪಾಗಿ ನಿಂತ ಕೂಳೆಯದೂ ಅದೇ ಕೆಲಸ. ಮೊಳೆ ಟೈರಿನ ನಡುವೆ ಚುಚ್ಚಿ 6 ಮಿಮೀ ಒಳಗಿನ ತೂತಾಗಿದ್ದರೆ ಒಳಗಿನಿಂದ ಪ್ಯಾಚ್ ಹಾಕಿಸಿ ಓಡಿಸಬಹುದು. ಪಕ್ಕೆ ಸೀಳಿದರೆ ಆ ಟೈರಿನ ಕಥೆ ಮುಗಿಯಿತು. ಉಳಿದ ಮೂರಕ್ಕೆ ಇನ್ನೂ ಅರ್ಧ ಆಯುಷ್ಯ ಇರುವಾಗ ಒಂದಕ್ಕೆ ಹೀಗಾದರೆ ಅಂಗಡಿಯಲ್ಲಿ ಸಿಗುವ ಮಾತು ಒಂದೇ: "ಒಂದೇ ಹಾಕ್ಸರಿ, ನಡೀತದ."

ನಡೆಯುತ್ತದೆಯೋ ಇಲ್ಲವೋ ಎಂಬುದನ್ನು ಟೈರು ನೋಡಿ ಹೇಳಲು ಬರುವುದಿಲ್ಲ. ಗೇರ್ ಬಾಕ್ಸಿನ ಹಿಂದಿರುವ, ಎಂಜಿನ್ನಿನ ಎಳೆತವನ್ನು ಮುಂದಿನ-ಹಿಂದಿನ ಗಾಲಿಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನೊಳಗೆ ಏನಿದೆ ಎಂದು ಗೊತ್ತಿರಬೇಕು.

ನಮ್ಮ ಕಡೆ ಓಡುವ ಫೋರ್ ಬೈ ಫೋರ್ ಪಿಕಪ್, ಜೀಪುಗಳಲ್ಲಿ ಹೆಚ್ಚಿನವು ಪಾರ್ಟ್ ಟೈಮ್. ಥಾರ್, ಇಸುಜು ವಿ-ಕ್ರಾಸ್, ಹೈಲಕ್ಸ್ ಎಲ್ಲ ಇದೇ ಗುಂಪು. 2ಎಚ್‌ನಲ್ಲಿ ಹಿಂದಿನ ಗಾಲಿ ಮಾತ್ರ ಎಳೆಯುತ್ತವೆ. 4ಎಚ್‌ಗೆ ಹಾಕಿದ ತಕ್ಷಣ ಮುಂದಿನ ಶಾಫ್ಟು ಹಿಂದಿನ ಶಾಫ್ಟಿಗೆ ನೇರವಾಗಿ ಕಚ್ಚಿಕೊಳ್ಳುತ್ತದೆ. ನಡುವೆ ಡಿಫರೆನ್ಷಿಯಲ್ (ಎರಡು ಕಡೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಇಲ್ಲ, ಆದ್ದರಿಂದ ಎರಡೂ ಶಾಫ್ಟು ಒಂದೇ ವೇಗದಲ್ಲಿ ತಿರುಗಲೇಬೇಕು. ಹಿಂದಿನ ಟೈರು ಹೊಸದಾಗಿ ದೊಡ್ಡದು, ಮುಂದಿನದು ಸವೆದು ಸಣ್ಣದು ಎಂದಾದರೆ ಒಂದೇ ದೂರಕ್ಕೆ ಎರಡಕ್ಕೂ ಬೇರೆ ಬೇರೆ ಸುತ್ತು ಬೇಕು, ಶಾಫ್ಟು ಅದಕ್ಕೆ ಅವಕಾಶ ಕೊಡುವುದಿಲ್ಲ. ಜಗಳ ಅಲ್ಲಿಂದ ಶುರು.

ಲೆಕ್ಕ ಹಾಕಿ ನೋಡೋಣ. 255/65 ಆರ್ 18 ಟೈರು: ಪಕ್ಕೆಯ ಎತ್ತರ 255ರ ಶೇ. 65, ಅಂದರೆ 165.75 ಮಿಮೀ. ಮೇಲೆ ಕೆಳಗೆ ಎರಡು ಸೇರಿ 331.5. ಡಿಸ್ಕ್ 18 ಇಂಚು, ಅಂದರೆ 457.2 ಮಿಮೀ. ಒಟ್ಟು ವ್ಯಾಸ ಸುಮಾರು 789, ಸುತ್ತಳತೆ 2,478 ಮಿಮೀ. ಹೊಸ ಆಲ್ ಟೆರೇನ್ ಟೈರಿನ ಗ್ರಿಪ್ಪು 10 ಮಿಮೀ ಆಳ, ಹಳೆಯದರದು 4 ಮಿಮೀ ಎಂದಿಟ್ಟುಕೊಳ್ಳಿ. 6 ಮಿಮೀ ಸವೆತಕ್ಕೆ ಸುತ್ತಳತೆ ಸುಮಾರು 38 ಮಿಮೀ ಕಡಿಮೆಯಾಗುತ್ತದೆ, ಶೇ. 1.5. ಕಿಲೋಮೀಟರಿಗೆ ಹಳೆ ಟೈರು ಹೊಸದಕ್ಕಿಂತ 6 ಸುತ್ತು ಹೆಚ್ಚು ತಿರುಗಬೇಕು. ಕಲಬುರಗಿಯಿಂದ ಜೇವರ್ಗಿ ಹತ್ತಿರ ಹತ್ತಿರ 40 ಕಿಮೀ. ಅಷ್ಟರಲ್ಲಿ 250 ಸುತ್ತಿನ ವ್ಯತ್ಯಾಸ. ಗಾಡಿಯ ಕ್ರೌನ್-ಪಿನಿಯನ್ (ಶಾಫ್ಟಿನ ತಿರುಗನ್ನು ಆಕ್ಸಲ್‌ಗೆ ದಾಟಿಸುವ ಗೇರು ಜೋಡಿ) ಅನುಪಾತ 4ರ ಆಸುಪಾಸು ಇದ್ದರೆ ಶಾಫ್ಟಿನ ಮಟ್ಟದಲ್ಲಿ ಅದು ನಾಲ್ಕು ಪಟ್ಟು.

ಎರಿ ಹೊಲದ ಕೆಸರಿನಲ್ಲಿ ಈ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ಗಾಲಿ ಹೇಗೂ ಜಾರುತ್ತಿರುತ್ತದೆ, ಹೆಚ್ಚು-ಕಡಿಮೆ ಅಲ್ಲೇ ತೀರಿಹೋಗುತ್ತದೆ. ತೊಂದರೆ ಇರುವುದು ಹೊಲದ ದಾರಿ ಮುಗಿದು ಡಾಂಬರು ಹತ್ತಿದ ಮೇಲೆ. ಲಿವರ್ 4ಎಚ್‌ನಲ್ಲೇ ಮರೆತು ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಓಡಿಸಿದರೆ ಟೈರಿಗೆ ಜಾರಲು ಜಾಗವಿಲ್ಲ. ಶಾಫ್ಟುಗಳಲ್ಲಿ ಹಗ್ಗ ಹೊಸೆದಂತೆ ತಿರುಚು ತುಂಬುತ್ತದೆ. ಮೊದಲು ಲಿವರ್ ಬಿಗಿಯಾಗುತ್ತದೆ, 2ಎಚ್‌ಗೆ ಬರುವುದಿಲ್ಲ, ಅಥವಾ ಮೀಟರಿನಲ್ಲಿ 4ಡಬ್ಲ್ಯುಡಿ ದೀಪ ಮಿಣುಕುತ್ತಲೇ ಇರುತ್ತದೆ. ಹಾಗೇ ಓಡಿಸಿದರೆ ಟ್ರಾನ್ಸ್‌ಫರ್ ಕೇಸಿನ ಚೈನು, ಶಾಫ್ಟಿನ ಕ್ರಾಸ್, ಕ್ರೌನ್-ಪಿನಿಯನ್ ಇವುಗಳಲ್ಲಿ ಯಾವುದು ದುರ್ಬಲವೋ ಅದರ ಮೇಲೆ ಬೀಳುತ್ತದೆ. ಲಿವರ್ ಸಿಕ್ಕಿಕೊಂಡರೆ ಒತ್ತಿ ಎಳೆಯಬೇಡಿ. ಸ್ಟಿಯರಿಂಗ್ ನೇರ ಇಟ್ಟು ನಾಲ್ಕೈದು ಮೀಟರ್ ಹಿಂದಕ್ಕೆ ತೆಗೆದುಕೊಳ್ಳಿ, ತಿರುಚು ಬಿಚ್ಚಿ ಲಿವರ್ ತಾನೇ ಸಡಿಲವಾಗುತ್ತದೆ.

ಇದಕ್ಕೆಲ್ಲ ಟೈರೇ ಕಾರಣ ಅನ್ನಲಾಗದು. ನಾಲ್ಕೂ ಹೊಸ ಟೈರು ಇದ್ದರೂ 4ಎಚ್‌ನಲ್ಲಿ ಒಣ ಡಾಂಬರಿನ ಮೇಲೆ ಯು-ಟರ್ನ್ ಹೊಡೆದರೆ ತಿರುಚು ತುಂಬುತ್ತದೆ. ಯಾಕೆಂದರೆ ತಿರುವಿನಲ್ಲಿ ಮುಂದಿನ ಗಾಲಿ ಹಿಂದಿನದಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ. ನೇರ ಓಡಿದರೂ ಲಿವರ್ ಬಿಗಿದರೆ ಮಾತ್ರ ಟೈರಿನ ಮೇಲೆ ಅನುಮಾನ ಪಡಿ.

ಫುಲ್ ಟೈಮ್ ಅಥವಾ ಆಟೊಮ್ಯಾಟಿಕ್ ಆಲ್ ವೀಲ್ ಡ್ರೈವ್ ಗಾಡಿಯ ಮಾತೇ ಬೇರೆ. ಅಲ್ಲಿ ಡ್ರೈವರ್ ಬಿಡಿಸಿ ಇಡುವ ಲಿವರ್ ಇರುವುದಿಲ್ಲ. ಮುಂದಿನ-ಹಿಂದಿನ ಶಾಫ್ಟನ್ನು ಜೋಡಿಸುವ, ಕಂಪ್ಯೂಟರ್ ಹಿಡಿತದಲ್ಲಿರುವ ಕ್ಲಚ್ ಪ್ಯಾಕ್ ಇದ್ದರೆ, ಸಣ್ಣ ಟೈರು ಹೆಚ್ಚು ತಿರುಗುವುದನ್ನು ಅದು "ಗಾಲಿ ಜಾರುತ್ತಿದೆ" ಎಂದೇ ಓದಿಕೊಂಡು ಕ್ಲಚ್ ಕಚ್ಚಿಸುತ್ತದೆ. ಆಯಿಲ್ ಕಾಯ್ದು ಕ್ಲಚ್ ಹೋಗುತ್ತದೆ. ಇಂಥ ಗಾಡಿಗಳಿಗೆ ಕಂಪನಿಗಳು ಸಾಮಾನ್ಯವಾಗಿ ಕೊಡುವ ಮಿತಿ ಗ್ರಿಪ್ಪಿನ ಆಳದಲ್ಲಿ 1.6ರಿಂದ 2.4 ಮಿಮೀ ವ್ಯತ್ಯಾಸ. ಸುಬಾರು ಇನ್ನೂ ಬಿಗಿ: ಸುತ್ತಳತೆಯಲ್ಲೇ ಕಾಲು ಇಂಚು, ಅಂದರೆ ಗ್ರಿಪ್ಪಿನಲ್ಲಿ ಬರೀ 1 ಮಿಮೀ. ನಿಮ್ಮ ಗಾಡಿಯ ಕೈಪಿಡಿ ಏನು ಹೇಳುತ್ತದೋ ಅದೇ ಅಂತಿಮ. ಮಿತಿ ದಾಟಿದರೆ ನಾಲ್ಕೂ ಬದಲಿಸಿ, ಇಲ್ಲಿ ಜುಗ್ಗತನ ಮಾಡಿದರೆ ಟೈರಿನಲ್ಲಿ ಉಳಿದದ್ದು ಗ್ಯಾರೇಜಿನಲ್ಲಿ ಹೋಗುತ್ತದೆ.

ಪಾರ್ಟ್ ಟೈಮ್ ಗಾಡಿಗೆ ಇಷ್ಟು ಕಟ್ಟುನಿಟ್ಟು ಬೇಡ. ಮುಂದೆ-ಹಿಂದೆ 2-3 ಮಿಮೀ ವ್ಯತ್ಯಾಸ ಇದ್ದು 4ಎಚ್ ಕೆಸರು, ಮರಳಿಗೆ ಮಾತ್ರ ಬಳಸುವುದಾದರೆ ಎರಡೇ ಟೈರು ಹಾಕಿಸಿ. 5-6 ಮಿಮೀ ಆದರೆ ಮಳೆಗಾಲದಲ್ಲಿ ಡಾಂಬರಿನ ಅಂಚಿನವರೆಗೂ 4ಎಚ್‌ನಲ್ಲಿ ಬರುವ ಚಟ ಬಿಡಬೇಕು.

ಯಾವ ಗಾಡಿಯಾದರೂ ಒಂದೇ ಆಕ್ಸಲ್‌ನ ಎಡಕ್ಕೊಂದು ಬಲಕ್ಕೊಂದು ಬೇಡ. ನೇರ ಓಡುವಾಗ ಸುಮ್ಮನಿರಬೇಕಾದ ಡಿಫರೆನ್ಷಿಯಲ್‌ನ ಸಣ್ಣ ಗೇರುಗಳು ಆಗ ಇಡೀ ದಿನ ತಿರುಗುತ್ತವೆ. ಒಂದೇ ಗಾಲಿ ಸುಮ್ಮನೆ ತಿರುಗದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದ್ದರೆ ಅದರ ಪ್ಲೇಟು ಸವೆಯುತ್ತವೆ. ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆ ಎಳೆಯಲೂಬಹುದು. ರಿಸೋಲ್ ಮಾಡಿದ (ಸವೆದ ಮೇಲೆ ಹೊಸ ಗ್ರಿಪ್ಪು ಕೂರಿಸಿದ) ಟೈರನ್ನು ಹೊಸ ಟೈರಿನ ಜೋಡಿ ಮಾಡುವುದೂ ಇದೇ ತಪ್ಪು, ಅದರ ಸುತ್ತಳತೆ ಪಕ್ಕೆಯ ಮೇಲೆ ಬರೆದ ಸೈಜಿಗೆ ಹೊಂದುತ್ತದೆ ಎಂಬ ಭರವಸೆ ಇಲ್ಲ.

ಒಂದೇ ಟೈರು ಹಾಳಾದಾಗ ಮೊದಲು ಸ್ಟೆಪ್ನಿ ನೋಡಿ. ಅದು ಒಮ್ಮೆಯೂ ನೆಲ ಮುಟ್ಟದ, ಅದೇ ಸೈಜು, ಅದೇ ಕಂಪನಿ, ಅದೇ ಡಿಸೈನಿನದಾಗಿದ್ದರೆ ಅಂಗಡಿಯಿಂದ ಒಂದೇ ಟೈರು ಸಾಕು. ಹೊಸದು ಮತ್ತು ಸ್ಟೆಪ್ನಿ ಎರಡೂ ಒಂದು ಆಕ್ಸಲ್‌ಗೆ, ಉಳಿದ ಮೂರು ಹಳೆಯದರಲ್ಲಿ ಅಳತೆ ಹೊಂದುವ ಎರಡು ಇನ್ನೊಂದು ಆಕ್ಸಲ್‌ಗೆ, ಮೂರನೆಯದು ಸ್ಟೆಪ್ನಿಯ ಜಾಗಕ್ಕೆ. ಆದರೆ ಪಕ್ಕೆಯ ಮೇಲಿನ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ: 2319 ಎಂದಿದ್ದರೆ 2019ರ 23ನೇ ವಾರದ ಮಾಲು. ಗಾಡಿಯ ಹಿಂದೆ ಅಥವಾ ಕೆಳಗೆ ವರ್ಷಗಟ್ಟಲೆ ನೇತಾಡಿ ನಮ್ಮ ಬೇಸಿಗೆಯ 42-43 ಡಿಗ್ರಿ ತಿಂದ ಟೈರು ಗ್ರಿಪ್ಪು ತುಂಬ ಇದ್ದರೂ ಗಟ್ಟಿಯಾಗಿರುತ್ತದೆ. ಪಕ್ಕೆಯಲ್ಲಿ ಕೂದಲೆಳೆ ಬಿರುಕು ಕಂಡರೆ ಆ ಲೆಕ್ಕ ಬಿಡಿ. ಕೆಲವು ಗಾಡಿಗಳ ಸ್ಟೆಪ್ನಿಯ ಸೈಜೇ ಬೇರೆ, ಅದನ್ನೂ ನೋಡಿಕೊಳ್ಳಿ.

ಇನ್ನೊಂದು ದಾರಿ, ಅಷ್ಟೇ ಸವೆದ ಸೆಕೆಂಡ್ ಹ್ಯಾಂಡ್ ಟೈರು ಹುಡುಕುವುದು. ಶೋಕಿಗೆ ದೊಡ್ಡ ಟೈರು ಹಾಕಿಸಿಕೊಳ್ಳುವವರು ಬಿಚ್ಚಿಟ್ಟು ಹೋದ ಕಂಪನಿ ಟೈರು ದೊಡ್ಡ ಅಂಗಡಿಗಳಲ್ಲಿ ಬಿದ್ದಿರುತ್ತವೆ. ಡಿಸ್ಕಿನಿಂದ ಬಿಚ್ಚಿಸಿ ಒಳಗೆ ಪ್ಯಾಚ್ ಇದೆಯೇ ಎಂದು ಕಂಡ ಮೇಲೆಯೇ ದುಡ್ಡು ಕೊಡಿ.

ಸೈಜು ಒಂದೇ ಇದ್ದರೂ ಕಂಪನಿ ಬೇರೆಯಾದರೆ ಅಳತೆ ಬೇರೆಯಾಗುತ್ತದೆ. ಹೈವೇ ಟೈರು ಮುಂದೆ, ಆಲ್ ಟೆರೇನ್ ಹಿಂದೆ ಹಾಕಿದರಂತೂ ಎರಡೂ ಹೊಸದಿದ್ದರೂ ಸುತ್ತಳತೆ ಕೂಡುವುದು ಕಷ್ಟ. ಪಿಕಪ್ ಆದರೆ ಲೋಡ್ ಸಂಖ್ಯೆಯನ್ನೂ ಇಳಿಸಬೇಡಿ. 111 ಅಂದರೆ ಟೈರಿಗೆ 1,090 ಕೆಜಿ, 112 ಅಂದರೆ 1,120.

ಕಣ್ಣಂದಾಜು ಬಿಟ್ಟು ಅಳೆಯಿರಿ. ಗ್ರಿಪ್ಪಿನ ಆಳವನ್ನು ಗೇಜ್ ಅಥವಾ ವರ್ನಿಯರಿನ ಬಾಲದಿಂದ ಒಳ ಅಂಚು, ನಡು, ಹೊರ ಅಂಚು ಮೂರೂ ಕಡೆ ನೋಡಿ. ಒಳಗೆ 3, ಹೊರಗೆ 6 ಬಂದರೆ ಅಲೈನ್‌ಮೆಂಟ್ ಕೆಟ್ಟಿದೆ, ಅದನ್ನು ಸರಿಮಾಡದೆ ಹೊಸದು ಹಾಕಿದರೆ ಅದೂ ಹೀಗೇ ಆಗುತ್ತದೆ. 1.6 ಮಿಮೀಗೆ ಬಂದ ಟೈರು ಕಾನೂನಿನ ಪ್ರಕಾರವೂ ಮುಗಿದದ್ದು. ಎರಿ ಮಣ್ಣಿಗಾದರೆ 4 ಮಿಮೀ ಕೆಳಗೇ ಅದು ಕೈಕೊಡುತ್ತದೆ, ಅಂಟಿದ ಮಣ್ಣು ಕಳಚಿ ಬೀಳುವಷ್ಟು ಆಳ ಉಳಿದಿರುವುದಿಲ್ಲ.

ಇದಕ್ಕಿಂತ ನಿಖರ ಉರುಳಿಸುವ ಅಳತೆ. ಬೆಳಿಗ್ಗೆ, ಟೈರು ತಣ್ಣಗಿರುವಾಗ, ಡ್ರೈವರ್ ಬಾಗಿಲ ಬಳಿಯ ಸ್ಟಿಕರಿನಲ್ಲಿರುವಷ್ಟು ಗಾಳಿ ತುಂಬಿ. ಮಧ್ಯಾಹ್ನ ಬೇಡ, ಬಿಸಿ ಸುಮಾರು 5-6 ಡಿಗ್ರಿ ಏರಿದರೆ ಗಾಳಿ 1 ಪಿಎಸ್‌ಐ ಏರುತ್ತದೆ. ಎಪಿಎಂಸಿ ಅಂಗಳದಂಥ ಸಮತಟ್ಟು ಹಾಸು ಹುಡುಕಿ. ಗಾಡಿ ಖಾಲಿ ಇರಲಿ. ನಾಲ್ಕೂ ಟೈರಿನ ನೆಲ ಮುಟ್ಟುವ ಜಾಗಕ್ಕೆ, ಅದರ ಕೆಳಗಿನ ನೆಲಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. 2ಎಚ್, ನ್ಯೂಟ್ರಲ್, ಸ್ಟಿಯರಿಂಗ್ ನೇರ. ಇಬ್ಬರು ತಳ್ಳಲಿ. ಪ್ರತಿ ಟೈರಿನ ಗೆರೆ ಐದನೇ ಸಲ ನೆಲ ಮುಟ್ಟಿದ ಜಾಗ ಗುರುತಿಸಿ, ಟೇಪಿನಿಂದ ಅಳೆಯಿರಿ. ಗ್ರಿಪ್ಪಿನ 1 ಮಿಮೀ ವ್ಯತ್ಯಾಸ ಐದು ಸುತ್ತಿಗೆ ಸುಮಾರು 31 ಮಿಮೀ ಆಗಿ ಕಾಣುತ್ತದೆ, ಹೀಗಾಗಿ ತಪ್ಪಲು ಸಾಧ್ಯವೇ ಕಡಿಮೆ. ಹತ್ತಿರದ ಅಳತೆಯ ಎರಡೆರಡನ್ನು ಜೋಡಿ ಮಾಡಿ.

ಹೊಸ ಜೋಡಿ ಹಿಂದಕ್ಕೆ. "ಸ್ಟಿಯರಿಂಗ್ ಮುಂದಿದೆಯಲ್ಲ, ಹೊಸದು ಮುಂದಿರಲಿ" ಎಂಬ ವಾದ ಎಲ್ಲ ಕಡೆ ಕೇಳುತ್ತದೆ. ಆದರೆ ಒದ್ದೆ ರಸ್ತೆಯಲ್ಲಿ ಮುಂದಿನ ಟೈರು ಜಾರಿದರೆ ಗಾಡಿ ನೇರ ಹೋಗುತ್ತದೆ, ವೇಗ ಇಳಿಸಿದರೆ ಹಿಡಿತ ಮರಳುತ್ತದೆ. ಹಿಂದಿನದು ಜಾರಿದರೆ ಗಾಡಿ ಬುಗುರಿಯಾಗುತ್ತದೆ. ಖಾಲಿ ಪಿಕಪ್ಪಿನ ಹಿಂಭಾಗ ಮೊದಲೇ ಹಗುರ.

ಹೊಸ ವಾಲ್ವು, ಬ್ಯಾಲೆನ್ಸಿಂಗ್ ಬಿಡಬೇಡಿ. ನಟ್ಟನ್ನು ಎದುರು-ಬದುರು ಕ್ರಮದಲ್ಲಿ ಬಿಗಿಸಿ, 50-100 ಕಿಮೀ ಓಡಿದ ಮೇಲೆ ಇನ್ನೊಮ್ಮೆ ಟಾರ್ಕ್ ನೋಡಿಸಿ. ಆಮೇಲೆ ಸಡಿಲ ಮಣ್ಣಿನ ನೇರ ದಾರಿಯಲ್ಲಿ 4ಎಚ್ ಹಾಕಿ 200 ಮೀಟರ್ ಓಡಿಸಿ 2ಎಚ್‌ಗೆ ತನ್ನಿ. ಲಿವರ್ ಸಲೀಸಾಗಿ ಬಂದರೆ ಜೋಡಿ ಕೂಡಿದೆ. ಮೊದಲೇ ಹೊಂದದ ಟೈರಿನಲ್ಲಿ ಬಹಳ ಓಡಿದ್ದರೆ ಟ್ರಾನ್ಸ್‌ಫರ್ ಕೇಸ್ ಮತ್ತು ಎರಡೂ ಆಕ್ಸಲ್ ಹೌಸಿಂಗಿನ ಆಯಿಲ್ ಇಳಿಸಿ ನೋಡಿ. ಡ್ರೇನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ಪೇಸ್ಟ್ ಅಂಟಿರುವುದು ಸಹಜ, ಚೂರು ಸಿಕ್ಕರೆ ಬಿಚ್ಚಲೇಬೇಕು.

ಮುಂದಿನ ಸಲ ಈ ಪೇಚು ಬಾರದಿರಲು ಐದೂ ಟೈರು ಸುತ್ತಿಸಿ, 8-10 ಸಾವಿರ ಕಿಮೀಗೊಮ್ಮೆ. ಸ್ಟೆಪ್ನಿ ಹಿಂದಿನ ಬಲಕ್ಕೆ, ಹಿಂದಿನ ಬಲ ಮುಂದಿನ ಬಲಕ್ಕೆ, ಮುಂದಿನ ಬಲ ಹಿಂದಿನ ಎಡಕ್ಕೆ, ಹಿಂದಿನ ಎಡ ಮುಂದಿನ ಎಡಕ್ಕೆ, ಮುಂದಿನ ಎಡ ಸ್ಟೆಪ್ನಿಗೆ. ಪಕ್ಕೆಯ ಮೇಲೆ ಬಾಣದ ಗುರುತಿರುವ ಟೈರಿಗೆ ಈ ಕ್ರಮ ಹೊಂದುವುದಿಲ್ಲ. ಹೀಗೆ ಸುತ್ತಿಸಿದ ಗಾಡಿಯಲ್ಲಿ ಫರಸಿ ಅಂಚಿಗೆ ಒಂದು ಸೀಳಿದರೂ ಅದರಷ್ಟೇ ಸವೆದ ಐದನೆಯದು ಕೈಯಲ್ಲೇ ಇರುತ್ತದೆ.