ಕಾಲು ನೋಡಬೇಡಮ್ಮ, ಮುಖ ನೋಡು

ನಮ್ಮ ವೆಟರ್ನರಿ ಕಾಲೇಜಿನ ಕ್ಲಿನಿಕ್ಕಿನಲ್ಲಿ ಗೋಡೆ ಪಕ್ಕ ಒಂದು ದಪ್ಪ ಹಾಸು ಇರುತ್ತಿತ್ತು. ನಡೆಯಲಾಗದ ನಾಯಿ ಬಂದರೆ ಮೇಡಂ ಅದನ್ನು ಮೇಜಿನ ಮೇಲೆ ಹತ್ತಿಸುತ್ತಿರಲಿಲ್ಲ. ಹಾಸಿನ ಮೇಲೆ ಪಕ್ಕಕ್ಕೆ ಮಲಗಿಸಿ ತಾವೂ ನೆಲದ ಮೇಲೆ ಕೂರುತ್ತಿದ್ದರು. ಸೀರೆಯ ಮೇಲೆ ಬಿಳಿ ಕೋಟು, ಕೈಯಲ್ಲಿ ಪುಟ್ಟ ರಬ್ಬರ್ ಸುತ್ತಿಗೆ. ಮೊದಲ ಐದು ನಿಮಿಷ ಸುಮ್ನೆ ನಾಯಿಯ ಕಿವಿ ಸವರುತ್ತಾ ಮಾತಾಡುತ್ತಿದ್ದರು. "ಹೆದರಿದ ನಾಯಿ ಕಾಲು ಬಿಗಿ ಹಿಡಿದಿರುತ್ತೆ. ಬಿಗಿ ಹಿಡಿದ ಕಾಲು ನಿಮಗೆ ಏನೂ ಹೇಳಲ್ಲ" ಅನ್ನುತ್ತಿದ್ದರು.

ಆಮೇಲೆ ಮಂಡಿ. ಮೇಲಿರುವ ಹಿಂಗಾಲಿನ ಕೆಳಗೆ ಕೈ ಕೊಟ್ಟು, ಮಂಡಿ ಸ್ವಲ್ಪ ಮಡಿಸಿ, ಚಿಪ್ಪಿನ ಕೆಳಗಿನ ಪಟ್ಟಿಯ ಮೇಲೆ ಮೆಲ್ಲಗೆ ಒಂದೇ ಏಟು. ಕಾಲು ಮುಂದಕ್ಕೆ ಚಿಮ್ಮಬೇಕು. ತೊಡೆಯ ನರ, ಸೊಂಟದ ಭಾಗದ ಬೆನ್ನುಹುರಿಯ 4ರಿಂದ 6ನೇ ಖಂಡಗಳು, ಎಲ್ಲದರ ವರದಿ ಆ ಒಂದು ಏಟಿನಲ್ಲಿ ಸಿಗುತ್ತದೆ. ಕಾಲು ಚಿಮ್ಮದಿದ್ದರೆ ತೊಂದರೆ ಅಲ್ಲೇ ಇರಬಹುದು. ನಡೆಯಲಾಗದ ನಾಯಿಯ ಕಾಲು ಜೋರಾಗಿ ಚಿಮ್ಮಿದರೆ ತೊಂದರೆ ಇನ್ನೂ ಮೇಲೆ, ಮೆದುಳಿನ ಹಿಡಿತ ತಪ್ಪಿರುವ ಕಡೆ. ವಯಸ್ಸಾದ ನಾಯಿಗಳಲ್ಲಿ ಬೇರೆ ತೊಂದರೆ ಇಲ್ಲದಿದ್ದರೂ ಕಾಲು ಚಿಮ್ಮದೇ ಇರುವುದುಂಟು. ಅದಕ್ಕೇ ಮೇಡಂ ಒಂದೇ ಪರೀಕ್ಷೆ ನಂಬಿ ಯಾವತ್ತೂ ಮಾತಾಡುತ್ತಿರಲಿಲ್ಲ.

ನನಗೆ ತುಂಬಾ ಇಷ್ಟವಾಗಿದ್ದು ಪ್ಯಾನಿಕ್ಯುಲಸ್. ನಮ್ಮ ಮನೆ ಕೊಟ್ಟಿಗೆಯಲ್ಲಿ ಅದನ್ನು ದಿನಾ ನೋಡಿದ್ದೆ, ಹೆಸರು ಗೊತ್ತಿರಲಿಲ್ಲ ಅಷ್ಟೆ. ಮೈ ಮೇಲೆ ನೊಣ ಕೂತರೆ ಹಸು ಚರ್ಮ ನಡುಗಿಸುತ್ತದಲ್ವಾ, ಅದೇ. ನಾಯಿಯ ಸೊಂಟದಿಂದ ಶುರುಮಾಡಿ ಬೆನ್ನಿನ ಎರಡೂ ಬದಿ ಚರ್ಮ ಚಿವುಟುತ್ತಾ ಮುಂದೆ ಹೋಗಬೇಕು. ಚಿವುಟಿದ ಸುದ್ದಿ ಬೆನ್ನುಹುರಿಯಲ್ಲಿ ಭುಜದ ಹತ್ತಿರದವರೆಗೂ ಏರಿ, ಅಲ್ಲಿಂದ ಚರ್ಮದ ಕೆಳಗಿನ ಸ್ನಾಯುವಿಗೆ ವಾಪಸ್ ಬರುತ್ತದೆ. ದಾರಿ ಮಧ್ಯೆ ಹುರಿಗೆ ಪೆಟ್ಟಾಗಿದ್ದರೆ ಅದರ ಹಿಂದೆ ಚಿವುಟಿದಾಗ ಚರ್ಮ ನಡುಗುವುದಿಲ್ಲ. ಎಲ್ಲಿ ನಡುಗಲು ಶುರುವಾಗುತ್ತೋ ಅದಕ್ಕಿಂತ ತುಸು ಮುಂದೆ ಪೆಟ್ಟು ಇರುತ್ತದೆ. ಎಕ್ಸ್‌ರೇ ತೆಗೆಯುವ ಮೊದಲೇ ಬರೀ ಬೆರಳಿನಿಂದ ಜಾಗ ಹುಡುಕಿದಾಗ ನನಗೆ ಮೈ ಜುಮ್ಮೆಂದಿತ್ತು.

ನೋವು ಕೊಡುವ ಪರೀಕ್ಷೆ ಮಾತ್ರ ಕೊನೆಗೆ. ಅದು ಮೇಡಂ ಹಾಕಿದ್ದ ನಿಯಮ. ಇಂಟರ್ನ್‌ಶಿಪ್ಪಿನಲ್ಲಿ ಒಂದು ಬೆಳಿಗ್ಗೆ ನಾನು ಅದನ್ನು ಮುರಿದೆ.

ಒಬ್ಬರು ಅಜ್ಜಿ ರಾಣಿ ಅನ್ನೋ ಡ್ಯಾಶ್‌ಹಂಡ್ ನಾಯಿಯನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಬಂದಿದ್ದರು. ಹಿಂದಿನ ದಿನದಿಂದ ಹಿಂಗಾಲು ಎರಡೂ ಬಿದ್ದುಹೋಗಿದ್ದವು. ಮೇಡಂ ಇನ್ನೂ ಬಂದಿರಲಿಲ್ಲ. ನಾನು ಆತುರಪಟ್ಟು ಕಾಲ್ಬೆರಳನ್ನೇ ಹಿಸುಕಿದೆ. ರಾಣಿ ಕಾಲು ಎಳೆದುಕೊಂಡಿತು. "ಅಜ್ಜಿ, ನೋವು ಗೊತ್ತಾಗ್ತಿದೆ, ಸರಿಹೋಗುತ್ತೆ" ಅಂದೆ. ಅಜ್ಜಿ ಅಲ್ಲೇ ಕಣ್ಣೊರೆಸಿಕೊಂಡು ಕೈ ಮುಗಿದರು.

ಮೇಡಂ ಬಂದು ಎಲ್ಲವನ್ನೂ ಮೊದಲಿನಿಂದ ಮಾಡಿದರು. ಕೊನೆಗೆ ಆರ್ಟರಿ ಫೋರ್ಸೆಪ್ಸ್ ಅನ್ನೋ ಪುಟ್ಟ ಇಕ್ಕಳ ತೆಗೆದುಕೊಂಡು ಕಾಲ್ಬೆರಳಿನ ಮೂಳೆಗೇ ತಾಗುವಂತೆ ಒತ್ತಿದರು. ಕಾಲು ಮತ್ತೆ ಹಿಂದಕ್ಕೆ ಹೋಯಿತು. ಆದರೆ ರಾಣಿ ತಿರುಗಲಿಲ್ಲ, ಕುಂಯ್ ಅನ್ನಲಿಲ್ಲ. ಅಜ್ಜಿಯ ಚೀಲವನ್ನೇ ನೋಡುತ್ತಿತ್ತು. ಇನ್ನೊಂದು ಕಾಲೂ ಹಾಗೇ. ಮೇಡಂ ಮೆಲ್ಲಗೆ ಹೇಳಿದರು: "ಕಾಲು ನೋಡಬೇಡಮ್ಮ, ಮುಖ ನೋಡು."

ಕಾಲು ಎಳೆದುಕೊಳ್ಳಲು ಮೆದುಳೇ ಬೇಡ. ಆ ಕೆಲಸವನ್ನು ಬೆನ್ನುಹುರಿ ತಾನೇ ಮಾಡುತ್ತದೆ. 1932ರಲ್ಲಿ ನೊಬೆಲ್ ಪಡೆದ ನರವಿಜ್ಞಾನಿ ಶೆರಿಂಗ್ಟನ್ ಅದಕ್ಕೂ ಎಷ್ಟೋ ವರ್ಷ ಮೊದಲೇ ಇದನ್ನು ತೋರಿಸಿದ್ದರು. ಪರೀಕ್ಷೆಯಲ್ಲಿ ನಾನೇ ಇದನ್ನು ಬರೆದು ಅಂಕ ತೆಗೆದುಕೊಂಡಿದ್ದೆ. ನೋವು ಮೆದುಳಿಗೆ ಮುಟ್ಟಿದೆಯಾ ಅನ್ನುವುದಕ್ಕೆ ನಾಯಿ ತಿರುಗಬೇಕು, ಅರಚಬೇಕು, ಕಚ್ಚಲು ಬರಬೇಕು. ಡಿಸ್ಕ್ ಜಾರಿದ ನಾಯಿಗೆ ಆ ನೋವು ಉಳಿದಿದ್ದರೆ ಬಹಳಷ್ಟು ಸಲ ಮತ್ತೆ ನಡೆಯುತ್ತದೆ. ಹೋಗಿದ್ದರೆ, ಬೇಗ ಆಪರೇಷನ್ ಆದರೂ ಸುಮಾರು ಅರ್ಧದಷ್ಟು ನಾಯಿಗಳು ಮಾತ್ರ ನಡೆಯುತ್ತವೆ.

ಅಜ್ಜಿಗೆ ನಿಜ ಹೇಳಿದವರು ಮೇಡಂ. ಅವರ ಪಕ್ಕದಲ್ಲೇ ಕೂತು, ಕೈ ಹಿಡಿದು ಹೇಳಿದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ರಾಣಿ ಮತ್ತೆ ನಡೆಯಲಿಲ್ಲ. ಹೊಟ್ಟೆಯ ಮೇಲಿಂದ ಒತ್ತಿ ಮೂತ್ರ ಖಾಲಿ ಮಾಡಿಸುವುದನ್ನು ಅಜ್ಜಿಗೆ ಹೇಳಿಕೊಟ್ಟೆ. ದಿನಕ್ಕೆ ಮೂರ್ನಾಲ್ಕು ಸಲ ಮಾಡಬೇಕಿತ್ತು. ಅವರ ಕೈ ನನ್ನ ಕೈಗಿಂತ ಬೇಗ ಪಳಗಿತು.

ಈಗ ನಾನು ತಾಲ್ಲೂಕು ಪಶು ಆಸ್ಪತ್ರೆಯಲ್ಲಿದ್ದೇನೆ. ಹೋದ ತಿಂಗಳು ಬೈಕಿಗೆ ಸಿಕ್ಕ ಒಂದು ಮರಿಯನ್ನು ಇಬ್ಬರು ಹುಡುಗರು ಗೋಣಿಚೀಲದಲ್ಲಿ ತಂದರು. ನೆಲದ ಮೇಲೆ ಕೂತು ಎಲ್ಲ ಪರೀಕ್ಷೆ ಮುಗಿಸಿ, ಕೊನೆಗೆ ಬೆರಳು ಒತ್ತಿದೆ. ಹುಡುಗರು ಕಾಲು ನೋಡುತ್ತಿದ್ದರು. ನಾನು ಮುಖ ನೋಡುತ್ತಿದ್ದೆ.

ಆ ಸಂಜೆ ಮೇಡಂಗೆ ಫೋನ್ ಮಾಡಿ ಮರಿಯ ವಿಷಯ ಹೇಳಲು ಶುರುಮಾಡಿದೆ. ಅವರು ನಿವೃತ್ತರಾಗಿ ಎಷ್ಟೋ ವರ್ಷವಾಗಿದೆ. ಅರ್ಧ ಮಾತಿಗೇ ತಡೆದು ಕೇಳಿದರು: "ತಿರುಗಿ ನೋಡ್ತಾ?"

"ಕಚ್ಚೋಕೇ ಬಂತು ಮೇಡಂ" ಅಂದೆ.