ಬಾಯೊಳಗಿನ ಅಳತೆಗೆ ಮುಖದ ಸಾಕ್ಷಿ

ಹಾಸನದ ನನ್ನ ಚಿಕಿತ್ಸಾಲಯಕ್ಕೆ ಅರಸೀಕೆರೆ ಕಡೆಯಿಂದ ಬರುವ ಹಲವರ ಹಲ್ಲುಗಳಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡ್ ಬಿಟ್ಟುಹೋದ ಕಂದು ಪಟ್ಟೆಗಳಿರುತ್ತವೆ. ಮದುವೆ ನಿಶ್ಚಯವಾಗಿದ್ದ ಅಂಥ ಒಬ್ಬ ಯುವಕನಿಗೆ, ಎನಾಮೆಲ್ ಗುಳಿಬಿದ್ದು ಉದುರುತ್ತಿದ್ದ ಕಾರಣ, ಮೇಲ್ದವಡೆಯ ಮುಂದಿನ ಆರು ಹಲ್ಲುಗಳಿಗೆ ಕ್ಯಾಪ್ ಹಾಕಬೇಕಾಯಿತು. ಎರಡೂ ದವಡೆಗಳನ್ನೂ ಅವು ಕಚ್ಚಿ ಕೂರುವ ಬಗೆಯನ್ನೂ ಬಾಯೊಳಗಿಟ್ಟು ಹಲ್ಲುಗಳ ಮೂರು ಆಯಾಮದ ಚಿತ್ರ ತೆಗೆಯುವ ಇಂಟ್ರಾಓರಲ್ ಸ್ಕ್ಯಾನರಿನಲ್ಲಿ ದಾಖಲಿಸಿ ಲ್ಯಾಬಿಗೆ ಕಳಿಸಿದೆ. ಬಂದ ಕ್ಯಾಪ್‌ಗಳ ಅಂಚು ವಸಡಿನ ಬಳಿ ಕೂದಲೆಳೆಯಷ್ಟೂ ಎದ್ದಿರಲಿಲ್ಲ, ಕಚ್ಚುವಿಕೆಯೂ ಸರಿಯಾಗಿತ್ತು. ಆದರೆ ತಾತ್ಕಾಲಿಕ ಸಿಮೆಂಟಿನಲ್ಲಿ ಕೂರಿಸಿ ನಗಲು ಹೇಳಿದಾಗ ಜೊತೆಗೆ ಬಂದಿದ್ದ ಅವನ ತಾಯಿ, “ಎಲ್ಲಾ ಚೆನ್ನಾಗೈತೆ ಡಾಕ್ಟ್ರೇ, ಯಾಕೋ ಒಂದ್ ಕಡೀಕೆ ವಾಲ್ದಂಗೈತೆ” ಎಂದರು. ನಿಜವಾಗಿಯೂ ವಾಲಿತ್ತು. ಆರನ್ನೂ ಬಿಚ್ಚಿ ಮತ್ತೆ ಮಾಡಿಸಿದೆ.

ತಪ್ಪು ಲ್ಯಾಬಿನದಲ್ಲ, ನನ್ನದೇ. ಇಂಟ್ರಾಓರಲ್ ಸ್ಕ್ಯಾನರ್ ಒಂದೊಂದು ಹಲ್ಲನ್ನೂ ಮೈಕ್ರಾನ್‌ಗಳ ಲೆಕ್ಕದಲ್ಲಿ ಅಳೆಯುತ್ತದೆಯಾದರೂ ಆ ಹಲ್ಲಿನ ಮೇಲೆ ಒಂದು ತುಟಿ, ಒಂದು ಮೂಗು, ಎರಡು ಕಣ್ಣುಗಳಿವೆ ಎಂಬುದು ಅದಕ್ಕೆ ತಿಳಿಯದು. ಪರದೆಯ ಮೇಲೆ ದವಡೆ ಶೂನ್ಯದಲ್ಲಿ ತೇಲುತ್ತಿರುತ್ತದೆ. ಅದನ್ನು ಯಾವ ಓರೆಯಲ್ಲಿ ನಿಲ್ಲಿಸಬೇಕೆಂಬುದನ್ನು ಸಾಫ್ಟ್‌ವೇರ್ ಸರಾಸರಿಯ ಮೇಲೂ ವಿನ್ಯಾಸಕ ತನ್ನ ಕಣ್ಣಂದಾಜಿನ ಮೇಲೂ ನಿರ್ಧರಿಸುತ್ತಾರೆ. ಆ ಯುವಕನ ದವಡೆಯೇ ಸ್ವಲ್ಪ ಓರೆಯಾಗಿತ್ತು. ಹಲ್ಲಿನ ತುದಿಗಳನ್ನು ಪರದೆಯ ಅಡ್ಡಗೆರೆಗೆ ಸಮನಾಗಿ ಜೋಡಿಸಿದ್ದರಿಂದ ಅವು ಅವನ ಮುಖದಲ್ಲಿ ವಾಲಿದವು.

ಹಳೆಯ ಪದ್ಧತಿಯಲ್ಲಿ ಈ ಕೆಲಸವನ್ನು ಫೇಸ್‌ಬೋ ಮಾಡುತ್ತಿತ್ತು. ಕಿವಿಯ ಬಳಿಯಿಂದ ಮೇಲ್ದವಡೆಗಿರುವ ಸಂಬಂಧವನ್ನು ದವಡೆಗಳ ಚಲನೆಯನ್ನು ಅನುಕರಿಸುವ ಆರ್ಟಿಕ್ಯುಲೇಟರ್ ಎಂಬ ಉಪಕರಣಕ್ಕೆ ವರ್ಗಾಯಿಸುವ ಈ ಬಿಲ್ಲಿನಾಕಾರದ ಸಾಧನವನ್ನು ಕಾಲೇಜಿನಲ್ಲಿ ನಾವೆಲ್ಲ ಗೊಣಗುತ್ತಲೇ ಕಲಿತಿದ್ದೆವು. 1985ರಲ್ಲಿ ಜ್ಯೂರಿಕ್‌ನಲ್ಲಿ ಸೆರೆಕ್ ಯಂತ್ರದಿಂದ ರೋಗಿಯ ಕುರ್ಚಿಯ ಪಕ್ಕದಲ್ಲೇ ಆರಂಭವಾದ ಡಿಜಿಟಲ್ ಅಳತೆ ಮುಂದೆ ಅಚ್ಚು ತೆಗೆಯಲು ಬಾಯಿಗೆ ತುಂಬುವ ಆಲ್ಜಿನೇಟ್ ಎಂಬ ಮುದ್ದೆಯ ವಾಕರಿಕೆಯಿಂದ ರೋಗಿಗಳನ್ನು ಪಾರುಮಾಡಿತು, ಆದರೆ ನನ್ನಂಥವರು ಆ ಅವಸರದಲ್ಲಿ ಫೇಸ್‌ಬೋವನ್ನೂ ಕಪಾಟಿಗೆ ಸೇರಿಸಿದೆವು. ಮುಖದ ಸ್ಕ್ಯಾನನ್ನು ಬಾಯೊಳಗಿನ ಸ್ಕ್ಯಾನಿನೊಡನೆ ಕೂಡಿಸುವುದೆಂದರೆ, ನನ್ನ ಮಟ್ಟಿಗೆ, ಹಾಗೆ ಬಿಟ್ಟದ್ದನ್ನು ಬೇರೆ ದಾರಿಯಿಂದ ಮರಳಿ ಪಡೆಯುವುದು.

ಈಗ ನಾನು ಮುಖದ ಎರಡು ಸ್ಕ್ಯಾನ್ ತೆಗೆಯುತ್ತೇನೆ: ಒಂದು ಸಹಜವಾಗಿ ನಗುತ್ತಿರುವಾಗ, ಇನ್ನೊಂದು ರಿಟ್ರ್ಯಾಕ್ಟರಿನಿಂದ ತುಟಿಗಳನ್ನು ಸರಿಸಿ ಹಲ್ಲು, ವಸಡು ಚೆನ್ನಾಗಿ ಕಾಣುವಾಗ. ನಕ್ಕರೂ ತುಟಿ ಎಳೆದರೂ ಹಣೆ ಮತ್ತು ಮೂಗಿನ ಸೇತುವೆ ಹೆಚ್ಚು ಕದಲುವುದಿಲ್ಲವಾದ್ದರಿಂದ ಮುಖದ ಎರಡು ಸ್ಕ್ಯಾನ್‌ಗಳನ್ನು ಆ ಭಾಗದಲ್ಲಿ ಒಂದರ ಮೇಲೊಂದು ಕೂರಿಸಬಹುದು. ತುಟಿ ಸರಿಸಿದ ಸ್ಕ್ಯಾನಿನಲ್ಲಿ ಕಾಣುವ ಮುಂಭಾಗದ ಹಲ್ಲುಗಳನ್ನು ಹಿಡಿದು ಬಾಯೊಳಗಿನ ಸ್ಕ್ಯಾನನ್ನು ಅದಕ್ಕೆ ಜೋಡಿಸಬಹುದು. ಆಗ ನಗುವ ಮುಖದೊಳಗೆ ದವಡೆ ತನ್ನ ಜಾಗಕ್ಕೆ ಬಂದು ನಿಲ್ಲುತ್ತದೆ, ನಗುವಾಗ ತುಟಿ ಎಲ್ಲಿಯವರೆಗೆ ಏರುತ್ತದೆ, ಮಧ್ಯರೇಖೆ ಎಲ್ಲಿ ಬೀಳುತ್ತದೆ ಎಂಬುದು ಹಲ್ಲು ಕೆತ್ತುವ ಮೊದಲೇ ಕಾಣುತ್ತದೆ.

ಹೇಳುವಷ್ಟು ಸಲೀಸಾದ ಜೋಡಣೆ ಇದಲ್ಲ. ಹಲ್ಲಿನ ಮೇಲ್ಮೈ ಹೊಳೆಯುತ್ತದೆ, ಬೆಳಕನ್ನು ಒಳಗೂ ಬಿಟ್ಟುಕೊಳ್ಳುತ್ತದೆ. ಹೀಗಾಗಿ ಮುಖದ ಸ್ಕ್ಯಾನಿನಲ್ಲಿ ಹಲ್ಲುಗಳು ಒಂದಕ್ಕೊಂದು ಅಂಟಿದ ಬಿಳಿಯ ಪಟ್ಟಿಯಂತೆ ಮೂಡುವುದೇ ಹೆಚ್ಚು. ಸಾಫ್ಟ್‌ವೇರ್ ಬಳಸುವ ವಿಧಾನ ಬೆಸ್ಲ್ ಮತ್ತು ಮೆಕೇ ಎಂಬ ಸಂಶೋಧಕರು 1992ರಲ್ಲಿ ವಿವರಿಸಿದ ಕ್ರಮದ ವಂಶದ್ದು: ನಾವು ಮೂರು ನಾಲ್ಕು ಬಿಂದುಗಳನ್ನು ತೋರಿಸಿದರೆ, ಅದು ಒಂದು ಮೇಲ್ಮೈಯ ಬಿಂದುಗಳಿಗೆ ಇನ್ನೊಂದರಲ್ಲಿ ಅತಿ ಹತ್ತಿರದ ಜೊತೆ ಹುಡುಕಿ, ಅಂತರ ಇನ್ನಷ್ಟು ಕಡಿಮೆಯಾಗದ ತನಕ ಸರಿಸುತ್ತ ಹೋಗುತ್ತದೆ. ಮೇಲ್ಮೈಯೇ ಮಸುಕಾಗಿದ್ದರೆ ತಪ್ಪು ಜಾಗದಲ್ಲೂ ಅದು ನೆಮ್ಮದಿಯಾಗಿ ನಿಂತು, ಸರಿಹೊಂದಿತು ಎನ್ನುವ ಹಸಿರು ಬಣ್ಣ ತೋರಿಸುತ್ತದೆ. ಮುಂದಿನ ಹಲ್ಲುಗಳ ಬಳಿ ಕೇವಲ 1 ಡಿಗ್ರಿ ತಿರುಗಿದರೂ 50 ಮಿ.ಮೀ. ಹಿಂದಿರುವ ದವಡೆಹಲ್ಲಿನ ಹೊತ್ತಿಗೆ ಅದು ಸುಮಾರು 0.9 ಮಿ.ಮೀ. ವ್ಯತ್ಯಾಸವಾಗಿರುತ್ತದೆ. ಆದ್ದರಿಂದ ಕೆಲಸ ದೊಡ್ಡದಿದ್ದಾಗ, ಹಲ್ಲುಗಳಿಗೆ ಕಚ್ಚಿಸಿ ಬಾಯಿಂದ ಹೊರಚಾಚಿದ ಫೋರ್ಕ್ ಬಳಸುತ್ತೇನೆ. ಅದರ ತುದಿಯ ಚೂಪು ಮೂಲೆಗಳ ಆಕೃತಿಗಳನ್ನು ಮುಖದ ಸ್ಕ್ಯಾನರ್ ತಪ್ಪದೆ ಗುರುತಿಸುತ್ತದೆ.

ದುಬಾರಿ ಮುಖದ ಸ್ಕ್ಯಾನರ್ ನನ್ನಲ್ಲಿಲ್ಲ. 2017ರ ಐಫೋನ್ ಎಕ್ಸ್‌ನಿಂದ ಮೊದಲುಗೊಂಡು ಬಂದ, 30,000ಕ್ಕೂ ಹೆಚ್ಚು ಅವಕೆಂಪು ಚುಕ್ಕೆಗಳನ್ನು ಮುಖದ ಮೇಲೆ ಚೆಲ್ಲಿ ಆಳ ಅಳೆಯುವ ಮುಂಬದಿಯ ಕ್ಯಾಮೆರಾವೇ ನನ್ನ ಆಸರೆ. ಕ್ಯಾಪಿನ ಅಂಚಿಗೆ ಬೇಕಾದ ಸೂಕ್ಷ್ಮತೆ ಅದರಲ್ಲಿಲ್ಲ, ಇರಬೇಕಾಗಿಯೂ ಇಲ್ಲ. ಅದರಿಂದ ಬೇಕಿರುವುದು ದಿಕ್ಕು ಮಾತ್ರ. ಕಿಟಕಿಯ ಬಿಸಿಲು ಬಿದ್ದರೆ ಚುಕ್ಕೆಗಳು ಕರಗುತ್ತವೆ, ದಟ್ಟ ಗಡ್ಡ ಗಂಟುಗಂಟಾಗಿ ಬರುತ್ತದೆ. ಮೊದಲ ಸಲ ಆಮದು ಮಾಡಿಕೊಂಡಾಗ ಮುಖವೇ ಕಾಣೆಯಾಗಿತ್ತು. ಫೋನಿನ ಆ್ಯಪ್ ಮೀಟರಿನಲ್ಲಿ ಬರೆದ ಸಂಖ್ಯೆಗಳನ್ನು ದಂತ ಸಾಫ್ಟ್‌ವೇರ್ ಮಿಲಿಮೀಟರೆಂದು ಓದಿ, ಇಡೀ ಮುಖವನ್ನು ಸಾಸಿವೆಗಿಂತ ಚಿಕ್ಕದು ಮಾಡಿ ಒಂದು ಹಲ್ಲಿನ ಮೇಲೆ ಕೂರಿಸಿತ್ತು!

ಇಷ್ಟಾದರೂ ಫೇಸ್‌ಬೋ ಪೂರ್ತಿ ಮರಳಿ ಬಂದಂತಲ್ಲ, ಏಕೆಂದರೆ ದವಡೆ ತಿರುಗುವ ಅಕ್ಷವನ್ನಾಗಲಿ ಅದರ ಚಲನೆಯನ್ನಾಗಲಿ ಮುಖದ ಚರ್ಮ ಹೇಳುವುದಿಲ್ಲ. ಅಡ್ಡಗೆರೆ ಯಾವುದೆಂಬ ಪ್ರಶ್ನೆಯೂ ಹಾಗೇ ಉಳಿಯುತ್ತದೆ. ಎರಡು ಕಣ್ಣುಪಾಪೆಗಳನ್ನು ಸೇರಿಸುವ ಗೆರೆಯನ್ನೇ ಆಧಾರವಾಗಿಸಿಕೊಳ್ಳುವುದು ರೂಢಿ, ಆದರೆ ಕಣ್ಣುಗಳೇ ಸಮಮಟ್ಟದಲ್ಲಿಲ್ಲದವರು ಕಡಿಮೆಯೇನಿಲ್ಲ. ಅದಕ್ಕೇ ಕುರ್ಚಿಯಲ್ಲಿ ಮಲಗಿಸದೆ, ನಿಲ್ಲಿಸಿ, ಎದುರಿನ ಕನ್ನಡಿಯಲ್ಲಿ ತಮ್ಮ ಕಣ್ಣನ್ನೇ ನೋಡಿಕೊಳ್ಳಲು ಹೇಳಿ ಸ್ಕ್ಯಾನ್ ಮಾಡುತ್ತೇನೆ. ಮುಖದ ಕಡತ ಹಲ್ಲಿನ ಕಡತದಂತಲ್ಲ, ಯಾರೆಂದು ನೋಡಿದೊಡನೆ ತಿಳಿಯುತ್ತದೆ. ಲ್ಯಾಬಿಗೆ ಕಳಿಸುವ ಮೊದಲು ಲಿಖಿತ ಒಪ್ಪಿಗೆ ಪಡೆಯುತ್ತೇನೆ.

ಸದ್ಯ ನನ್ನನ್ನು ಕಾಡುತ್ತಿರುವುದು ಸಕಲೇಶಪುರ ಕಡೆಯ ಒಬ್ಬ ಅಜ್ಜಿಯ ಹಲ್ಲು ಸೆಟ್. ಹಲ್ಲೇ ಇಲ್ಲದ ಬಾಯಲ್ಲಿ ಮುಖಕ್ಕೂ ದವಡೆಗೂ ಸಾಮಾನ್ಯವಾದ ಗುರುತೇ ಇರುವುದಿಲ್ಲವಾದ್ದರಿಂದ ವಸಡಿನ ಮೇಲೆ ಹಲ್ಲುಗಳ ಜಾಗದಲ್ಲಿ ಕೂರಿಸುವ ಮೇಣದ ಕಟ್ಟೆ ಮಧ್ಯಸ್ಥಿಕೆ ವಹಿಸಬೇಕು: ಅದನ್ನು ಬಾಯಲ್ಲಿಟ್ಟು ಮುಖವನ್ನು ಸ್ಕ್ಯಾನ್ ಮಾಡಿ, ಬಳಿಕ ಹೊರತೆಗೆದು ಒಳಗೂ ಹೊರಗೂ ಸ್ಕ್ಯಾನ್ ಮಾಡಿದರೆ, ಅದರ ಒಳಮೈ ವಸಡಿಗೂ ಹೊರಮೈ ಮುಖಕ್ಕೂ ಹೊಂದಿಕೊಳ್ಳುತ್ತದೆ. ಮೊದಲ ಸಲ ನುಣುಪಾದ ಮೇಣದಲ್ಲಿ ಹಿಡಿತಕ್ಕೆ ಏನೂ ಇಲ್ಲದೆ ಜೋಡಣೆ ಪಕ್ಕಕ್ಕೆ ಜಾರಿತು. ಎರಡನೇ ಸಲ ಮೇಣದಲ್ಲಿ ಅಲ್ಲಲ್ಲಿ ಸಣ್ಣ ಗುಂಡಿಗಳನ್ನು ಕೊರೆದೆ, ನಿಂತಿತು. ಪರೀಕ್ಷೆಗೆಂದು ಪ್ರಿಂಟ್ ಮಾಡಿದ ಸೆಟ್ ಮೇಜಿನ ಮೇಲಿದೆ. ಕಾಫಿ ಕೊಯ್ಲು ಮುಗಿದ ಮೇಲೆ ಬರುತ್ತೇನೆಂದು ಅಜ್ಜಿ ಹೇಳಿ ಹೋಗಿದ್ದಾರೆ.