‘ವಿಂಡೋ’ ಪದದ ಬೆನ್ನು ಹತ್ತಿ: ಮೂರನೆಯ ವಾರ

ಎರಡು ವಾರ ನಾನು ಇಂಗ್ಲಿಷಿನ ‘ವಿಂಡೋ’ ಪದದ ಅರ್ಧವನ್ನಷ್ಟೇ ಬಿಡಿಸಿಕೊಂಡು ಕುಳಿತಿದ್ದೆ. ಮೊದಲ ಭಾಗ ಗಾಳಿ, ಅದರಲ್ಲಿ ಅನುಮಾನವಿರಲಿಲ್ಲ. ಕೊನೆಯ ‘ಓ’ ಬರೀ ಪ್ರತ್ಯಯವೆಂದು ತಿಳಿದು ಶ್ಯಾಡೋ, ಮೆಡೋ ಪದಗಳ ಸಾಲಿಗೆ ಸೇರಿಸಿಬಿಟ್ಟಿದ್ದೆ. ಆ ಪುಟವನ್ನು ಈಗ ಹೊಡೆದುಹಾಕಿದ್ದೇನೆ.

ಗಂಟು ಬಿಚ್ಚಿದ್ದು 13ನೆಯ ಶತಮಾನದ ‘ವಿಂದೋಗೆ’ ಎಂಬ ರೂಪದಿಂದ. ಆ ‘ಗ’ಕಾರ ಎಲ್ಲಿಂದ ಬಂತೆಂದು ಹುಡುಕಿದರೆ ಸ್ಕ್ಯಾಂಡಿನೇವಿಯನ್ನರು ಹಿಂದೆ ಆಡುತ್ತಿದ್ದ ಹಳೆಯ ನಾರ್ಸ್ ಭಾಷೆಯ ‘ವಿಂದೌಗ’ ಸಿಗುತ್ತದೆ. ‘ವಿಂದ್ರ್’ ಎಂದರೆ ಗಾಳಿ, ‘ಔಗ’ ಎಂದರೆ ಕಣ್ಣು. ಗಾಳಿಗಣ್ಣು! ಎರಡನೆಯ ಪದ ಸವೆದು ಸವೆದು ಒಂದು ಸ್ವರವಾಗಿ ಉಳಿದಿದೆ. ಆದರೆ ನಾರ್ವೆಯ ಭಾಷೆಯ ಎರಡು ಬರಹರೂಪಗಳಲ್ಲಿ ಒಂದಾದ ನೀನಾಶ್ಕ್ ಬರಹದಲ್ಲಿ ಅದು ಇಂದಿಗೂ ‘ವಿಂದೌಗೆ’. ಕಣ್ಣು ಅಲ್ಲಿ ಇನ್ನೂ ತೆರೆದೇ ಇದೆ.

9ನೆಯ ಶತಮಾನದಿಂದ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯನ್ನರ ಮಾತಿನಿಂದ ಈ ಪದ ಇಂಗ್ಲಿಷಿಗೆ ದಾಟಿತು. ಹಾಗೆಂದು ಇಂಗ್ಲಿಷಿಗೆ ಕಿಟಕಿಯ ಹೆಸರೇ ಇರಲಿಲ್ಲವೆಂದಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಏಆಗ್‌ಥ್ಯುರ್ಲ್’ ಎನ್ನುತ್ತಿದ್ದರು: ಕಣ್ಣಿನ ತೂತು. ಆ ಪದ ಸತ್ತಿತು. ಆದರೆ ಅದರ ‘ಥ್ಯುರ್ಲ್’, ಅಂದರೆ ತೂತು, ಮೂಗಿನ ಹೊಳ್ಳೆಯನ್ನು ಸೂಚಿಸುವ ‘ನಾಸ್ಟ್ರಿಲ್’ ಪದದೊಳಗೆ ಅಡಗಿ ಬದುಕಿಕೊಂಡಿದೆ. ಇದನ್ನು ಕಂಡ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಇಂಗ್ಲಿಷಿನ ದೂರದ ನಂಟಿನ, ಈಗ ಅಳಿದುಹೋದ ಗಾಥಿಕ್ ಭಾಷೆಯಲ್ಲಿಯೂ ಕಿಟಕಿ ‘ಔಗದೌರೋ’, ಕಣ್ಣಬಾಗಿಲು. ಇಷ್ಟಾದ ಮೇಲೆ ನಮ್ಮ ‘ಗವಾಕ್ಷ’ವನ್ನು ಬಿಡುವುದು ಹೇಗೆ? ಗೋ ಮತ್ತು ಅಕ್ಷಿ ಸೇರಿ ಹಸುವಿನ ಕಣ್ಣು. ಎರಡೂ ಕಡೆ ಸಮಾಸಗಳು ಬೇರೆ ಬೇರೆಯಾಗಿ ಹುಟ್ಟಿದವು. ಒಂದರಿಂದ ಇನ್ನೊಂದು ಬಂದದ್ದಲ್ಲ. ಆದರೆ ‘ಔಗ’ ಮತ್ತು ‘ಅಕ್ಷಿ’ ಸಂಸ್ಕೃತವನ್ನೂ ಯುರೋಪಿನ ಹಲವು ಭಾಷೆಗಳನ್ನೂ ಒಳಗೊಂಡ ಇಂಡೋ-ಯುರೋಪಿಯನ್ ಭಾಷಾಕುಟುಂಬದ ಒಂದೇ ಧಾತುವಿನ ಮಕ್ಕಳೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಆ ಕುಟುಂಬಕ್ಕೆ ಸೇರದ ಕನ್ನಡವೂ ತೂತಿನಲ್ಲಿ ಕಣ್ಣನ್ನೇ ಕಾಣುತ್ತದೆ: ಜರಡಿಯ ಕಣ್ಣು, ಬಲೆಯ ಕಣ್ಣು, ತೆಂಗಿನಕಾಯಿಯ ಕಣ್ಣು. ‘ಬೆಳಕಿಂಡಿ’ ಪದ ಮಾತ್ರ ಕಣ್ಣನ್ನು ಬಿಟ್ಟು ಬೆಳಕನ್ನು ಹಿಡಿದಿದೆ. ನನಗೆ ಎಲ್ಲಕ್ಕಿಂತ ಚೆಲುವಾಗಿ ಕಾಣುವುದೂ ಅದೇ.

ನೋಟ್‌ಪುಸ್ತಕದಲ್ಲಿ ಇನ್ನೊಂದು ಕಣ್ಣು ಕಾಯುತ್ತಿದೆ. ‘ಡೇಸಿ’ ಹೂವಿನ ಹಳೆಯ ಹೆಸರು ‘ಹಗಲಿನ ಕಣ್ಣು’; ಬೆಳಗಾದರೆ ಅರಳಿ, ಸಂಜೆಗೆ ಮುಚ್ಚಿಕೊಳ್ಳುತ್ತದೆ. ಮುಂದಿನ ವಾರ ಅದನ್ನು ಬಿಡಿಸಲು ಕೂರುತ್ತೇನೆ.